ಬೆವರಿಗೆ ಕೇಳಬೇಕಾದ ಪ್ರಶ್ನೆ



ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದ ಸೀಮೆಯಲ್ಲಿರುವ ಹದಿನಾರು ಗ್ರಾಮದ ಕೆರೆ, ಹಕ್ಕಿ ನೋಡುವವರಿಗೆಲ್ಲ ಗೊತ್ತಿರುವ ಕೆರೆ. ಚಳಿಗಾಲದಲ್ಲಿ ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬಂದು ಅಲ್ಲಿ ಇಳಿಯುತ್ತವೆ. ಅಷ್ಟು ದೂರ ರೆಕ್ಕೆ ಬಡಿದರೂ ಅವು ಒಂದು ಹನಿ ಬೆವರುವುದಿಲ್ಲ. ಹಕ್ಕಿಗಳಿಗೆ ಬೆವರು ಗ್ರಂಥಿಯೇ ಇಲ್ಲ. ಸೆಕೆಯಾದಾಗ ಕೊಕ್ಕು ತೆರೆದು, ಗಂಟಲು ಅದುರಿಸಿ ಏದುಸಿರು ಬಿಡುತ್ತವೆ, ಅಷ್ಟೇ. ಕೆರೆಯಲ್ಲಿ ಕತ್ತಿನವರೆಗೆ ಮುಳುಗಿ ಮಲಗುವ ಎಮ್ಮೆಗೆ ಗ್ರಂಥಿಗಳಿವೆ, ಆದರೆ ಹಸುವಿಗಿಂತ ಬಹಳ ಕಡಿಮೆ. ಅದು ನೀರಿಗಿಳಿಯುವುದು ಸೋಮಾರಿತನದಿಂದ ಅಂತ ಬಯ್ಯಬೇಡಿ, ಬೇರೆ ದಾರಿಯಿಲ್ಲದೆ ಇಳಿಯುತ್ತದೆ. ನಾಯಿ ನಾಲಿಗೆ ಚಾಚುತ್ತದೆ. ಮೈಯೆಲ್ಲ ನೀರು ಹರಿಸಿ ಮೈ ತಣಿಸಿಕೊಳ್ಳುವ ವಿದ್ಯೆಯಲ್ಲಿ ಮನುಷ್ಯನನ್ನು ಮೀರಿಸಿದ ಪ್ರಾಣಿ ಇಲ್ಲ. ಕುದುರೆ ಒಂದು ಸ್ವಲ್ಪ ಹತ್ತಿರ ಬರುತ್ತದೆ.

ಈ ಬೆವರನ್ನು ನೋಡಿ ಆರೋಗ್ಯ ಹೇಳುವ ಪಟ್ಟಿ, ಗಡಿಯಾರ, ಅಂಟುಪಟ್ಟಿಗಳ ಸುದ್ದಿ ಈಗ ದಿನಪತ್ರಿಕೆಯಲ್ಲೂ ಮೊಬೈಲಿನಲ್ಲೂ ಬರುತ್ತಿದೆ. ಸೂಜಿ ಚುಚ್ಚದೆ ಸಕ್ಕರೆ ಕಾಯಿಲೆ ಅಳೆಯಬಹುದಂತೆ, ರಕ್ತ ತೆಗೆಯದೆ ಮೂತ್ರಪಿಂಡ ಹೇಗಿದೆ ಅಂತ ತಿಳಿಯಬಹುದಂತೆ. ಇದರಲ್ಲಿ ಎಷ್ಟು ನಿಜ, ಎಷ್ಟು ಅಂಗಡಿಯವರ ಮಾತು ಎನ್ನುವುದನ್ನು ನೋಡೋಣ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬೆವರು ಸುಳ್ಳು ಹೇಳುವುದಿಲ್ಲ. ಆದರೆ ಅದಕ್ಕೆ ಗೊತ್ತಿರುವ ವಿಷಯ ಕಡಿಮೆ. ಗೊತ್ತಿರುವುದನ್ನು ಕೇಳಿದರೆ ಒಳ್ಳೆಯ ಸಾಕ್ಷಿ, ಗೊತ್ತಿಲ್ಲದ್ದನ್ನು ಕೇಳಿದರೆ ನಮಗೇ ಮೋಸ.

ನಮ್ಮ ಚರ್ಮದಲ್ಲಿ 20ರಿಂದ 40 ಲಕ್ಷ ಬೆವರು ಗ್ರಂಥಿಗಳಿವೆ. ಅಂಗೈ ಅಂಗಾಲುಗಳಲ್ಲಿ ಒತ್ತಾಗಿ, ಬೆನ್ನಿನಲ್ಲಿ ವಿರಳವಾಗಿ. ಪ್ರತಿಯೊಂದೂ ಚರ್ಮದ ಒಳಗೆ ಸುರುಳಿ ಸುತ್ತಿಕೊಂಡ ಒಂದು ಸಣ್ಣ ಕೊಳವೆ. ಸುರುಳಿಯ ತಳದಲ್ಲಿ ರಕ್ತದಷ್ಟೇ ಉಪ್ಪಾದ ದ್ರವ ತಯಾರಾಗುತ್ತದೆ. ಅದು ಮೇಲಕ್ಕೆ ಏರುತ್ತ ಬರುವಾಗ ಕೊಳವೆಯ ಗೋಡೆ ಅದರಲ್ಲಿನ ಸೋಡಿಯಂ, ಕ್ಲೋರೈಡನ್ನು ಒಳಕ್ಕೆ ಎಳೆದುಕೊಂಡು ಬಿಡುತ್ತದೆ. ಹೀಗಾಗಿ ಹೊರಗೆ ಬಂದ ಬೆವರು ರಕ್ತಕ್ಕಿಂತ ಬಹಳ ಸಪ್ಪೆ. ಒಂದು ಲೀಟರ್ ಬೆವರಿನಲ್ಲಿ ಒಂದು ಗ್ರಾಂನಿಂದ ನಾಲ್ಕೈದು ಗ್ರಾಂವರೆಗೆ ಉಪ್ಪು ಇರುತ್ತದೆ, ಆಳಿಂದ ಆಳಿಗೆ ಬದಲಾಗುತ್ತದೆ. ಬೆವರು ಜೋರಾಗಿ ಸುರಿಯುವಾಗ ಕೊಳವೆಗೆ ಉಪ್ಪು ಹಿಂದಕ್ಕೆ ಎಳೆಯಲು ಪುರಸೊತ್ತಿರುವುದಿಲ್ಲ, ಆಗ ಉಪ್ಪು ಹೆಚ್ಚಾಗಿಯೇ ಹೋಗುತ್ತದೆ. ಕಪ್ಪು ಅಂಗಿಯ ಬೆನ್ನಿನ ಮೇಲೆ ಸಂಜೆ ಬಿಳಿ ಗೆರೆ ಕೂರುವವರು ಉಪ್ಪು ಹೆಚ್ಚು ಕಳೆದುಕೊಳ್ಳುವ ಜಾತಿ. ಈ ಪರೀಕ್ಷೆಗೆ ಪ್ರಯೋಗಾಲಯ ಬೇಕಿಲ್ಲ.

ಒಂದು ಲೀಟರ್ ಬೆವರು ಮೈಮೇಲೆ ಪೂರ್ತಿ ಆರಿದರೆ ಸುಮಾರು 580 ಕಿಲೊಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ. ಆರಿದರೆ ಅಂದೆ. ನೆಲಕ್ಕೆ ತೊಟ್ಟಿಕ್ಕಿದ ಬೆವರಿನಿಂದ ಲಾಭವಿಲ್ಲ. ಮಂಗಳೂರಿನ 33 ಡಿಗ್ರಿ ಸೆಕೆ ರಾಯಚೂರಿನ 40 ಡಿಗ್ರಿ ಬಿಸಿಲಿಗಿಂತ ಕೆಲವೊಮ್ಮೆ ಅಸಹನೀಯ ಅನ್ನಿಸುವುದು ಇದಕ್ಕೇ. ಕರಾವಳಿಯ ಗಾಳಿಯಲ್ಲಿ ಮೊದಲೇ ನೀರು ತುಂಬಿರುತ್ತದೆ, ಇನ್ನಷ್ಟು ಹೀರುವುದಿಲ್ಲ. ನಮ್ಮ ಕಪಿಲಾ ನದಿಯ ಬಯಲಿನಲ್ಲೂ ನಾಲೆಗೆ ನೀರು ಬಿಟ್ಟು ಗದ್ದೆಯೆಲ್ಲ ಕೆಸರಾಗಿ ಗಾಳಿ ನಿಂತ ದಿನ ನಾಟಿ ಹಾಕುವ ಹೆಂಗಸರಿಗೆ ಆಗುವುದು ಇದೇ. ಉಷ್ಣಾಂಶದ ಅಂಕಿ ಕಡಿಮೆ ಇರುತ್ತದೆ, ಒದ್ದಾಟ ಹೆಚ್ಚಿರುತ್ತದೆ.

ದೇಹ ಸೆಕೆಗೆ ಪಳಗುತ್ತದೆ ಎನ್ನುವುದೂ ನಿಜ. ಸೆಕೆಯಲ್ಲಿ ಒಂದೆರಡು ವಾರ ದುಡಿದವನು ಬೇಗ ಬೆವರಲು ಶುರುಮಾಡುತ್ತಾನೆ, ಹೆಚ್ಚು ಬೆವರುತ್ತಾನೆ, ಅವನ ಬೆವರಿನಲ್ಲಿ ಉಪ್ಪು ಕಡಿಮೆಯಾಗುತ್ತದೆ. ಪಟ್ಟಣದಲ್ಲಿ ಕುಳಿತು ಕೆಲಸ ಮಾಡಿ ಹಬ್ಬಕ್ಕೆ ಊರಿಗೆ ಬಂದ ಮಗ ಮೊದಲ ದಿನವೇ ಅಪ್ಪನ ಸಮಕ್ಕೆ ಗುದ್ದಲಿ ಹಿಡಿದರೆ ತಲೆ ಸುತ್ತಿ ಕೂರುವುದಕ್ಕೆ ಇದೊಂದು ಕಾರಣ. ಜಪಾನಿನ ಯಾಸ್ ಕುನೋ ಎಂಬ ವಿಜ್ಞಾನಿ ಬೆವರಿನ ಅಧ್ಯಯನಕ್ಕೇ ಜೀವಮಾನ ಕೊಟ್ಟವರು. 1956ರಲ್ಲಿ ಬಂದ ಅವರ ದೊಡ್ಡ ಗ್ರಂಥ ಇವತ್ತಿಗೂ ಆಧಾರ. ಹುಟ್ಟಿದ ಮೊದಲ ಎರಡು ಮೂರು ವರ್ಷಗಳಲ್ಲಿ ಮಗು ಎಂಥ ಹವೆಯಲ್ಲಿ ಬೆಳೆಯುತ್ತದೋ ಅದರ ಮೇಲೆ ಕೆಲಸ ಮಾಡುವ ಗ್ರಂಥಿಗಳ ಸಂಖ್ಯೆ ನಿಂತಿರುತ್ತದೆ ಎಂದು ಅವರು ತೋರಿಸಿದರು. ತಂಪು ಕೋಣೆಯಿಂದ ಹೊರಗೇ ಬಿಡದೆ ಕೂಸು ಸಾಕುವ ಇವತ್ತಿನ ತಂದೆತಾಯಿ ಇದನ್ನು ಒಮ್ಮೆ ಯೋಚಿಸಬಹುದು.

ಬೆವರನ್ನು ಮೊದಲು ಅಳೆದವರು ಯಾರು? ನಮ್ಮ ಆಯುರ್ವೇದ ಸ್ವೇದವನ್ನು ಮಲ, ಮೂತ್ರಗಳ ಜೊತೆ ಮೂರನೆಯ ಮಲವಾಗಿ ಎಣಿಸಿತು. ಸ್ವೇದ ಹರಿಯುವ ದಾರಿಗೆ ಮೇದಸ್ಸು ಮತ್ತು ರೋಮಕೂಪ ಮೂಲ ಎಂದು ಚರಕಸಂಹಿತೆ ಹೇಳುತ್ತದೆ. ಗಮನಿಸಿದವರು ಬಹಳ ಹಿಂದೆಯೇ ಇದ್ದರು. ತೂಕಕ್ಕೆ ಹಾಕಿದವನು ಇಟಲಿಯ ಸಾಂಟೋರಿಯೊ ಎಂಬ ವೈದ್ಯ. ತಕ್ಕಡಿಗೆ ಕುರ್ಚಿ ತೂಗುಹಾಕಿ, ಅದರಲ್ಲೇ ಕುಳಿತು ಉಂಡು, ಉಂಡದ್ದನ್ನೂ ವಿಸರ್ಜಿಸಿದ್ದನ್ನೂ ವರ್ಷಗಟ್ಟಲೆ ತೂಗಿ, ಲೆಕ್ಕಕ್ಕೆ ಸಿಗದೆ ಕಾಣೆಯಾಗುವ ತೂಕ ಮೈಯಿಂದ ಕಣ್ಣಿಗೆ ಕಾಣದ ಹಾಗೆ ಆವಿಯಾಗುತ್ತಿದೆ ಎಂದು 1614ರಲ್ಲಿ ಪುಸ್ತಕ ಬರೆದ. ವಿಚಿತ್ರ ಮನುಷ್ಯ ಅನ್ನಿಸಬಹುದು. ಆದರೆ ಆ ತಕ್ಕಡಿಯ ವಿಧಾನ ನಾನೂರು ವರ್ಷವಾದರೂ ಸೋತಿಲ್ಲ, ಅದನ್ನು ಆಮೇಲೆ ಹೇಳುತ್ತೇನೆ.

ಬೆವರು ವಿಜ್ಞಾನಕ್ಕೆ ನಿಜವಾಗಿ ಬೇಕಾದದ್ದು ಗಣಿಗಳಿಂದ. ಇಂಗ್ಲೆಂಡಿನ ಆಳವಾದ ಕಲ್ಲಿದ್ದಲು ಗಣಿಗಳಲ್ಲಿ ದುಡಿಯುವವರಿಗೆ ಕೈಕಾಲು, ಹೊಟ್ಟೆ ಹಿಡಿದುಕೊಂಡು ಭಯಂಕರವಾಗಿ ನೋಯುತ್ತಿತ್ತು. ಬೇಕಾದಷ್ಟು ನೀರು ಕುಡಿದವರಿಗೇ ಆ ಸೆಳೆತ! ಮಾಸ್ ಎಂಬ ಸಂಶೋಧಕ 1923ರಲ್ಲಿ ಕಾರಣ ಹೇಳಿದ: ಬೆವರಿನಲ್ಲಿ ನೀರೂ ಉಪ್ಪೂ ಎರಡೂ ಹೋಗಿವೆ, ಇವರು ನೀರನ್ನು ಮಾತ್ರ ತುಂಬಿಕೊಂಡಿದ್ದಾರೆ. ಕುಡಿಯುವ ನೀರಿಗೆ ಚೂರು ಉಪ್ಪು ಬಿದ್ದ ಮೇಲೆ ಸೆಳೆತ ಇಳಿಯಿತು.

ನಮ್ಮ ರಾಜ್ಯದಲ್ಲಿ ಇದಕ್ಕಿಂತ ಕಠಿಣವಾದ ಜಾಗ ಕೋಲಾರದ ಚಿನ್ನದ ಗಣಿಯಾಗಿತ್ತು. ಕಪಿಲೆ ನರಸೀಪುರದಲ್ಲಿ ಕಾವೇರಿಯನ್ನು ಸೇರಿ, ಆ ನೀರು ಶಿವನಸಮುದ್ರದಲ್ಲಿ ಧುಮುಕಿ, ಅಲ್ಲಿ ಹುಟ್ಟಿದ ವಿದ್ಯುತ್ತು 1902ರಲ್ಲಿ ಕೆಜಿಎಫ್ ಮುಟ್ಟಿತು. ಅಂದರೆ ಹದಿನಾರು ಸೀಮೆಯ ನೀರಿಗೂ ಆ ಗಣಿಗೂ ಒಂದು ನಂಟಿದೆ. ಚಾಂಪಿಯನ್ ರೀಫ್ ಸುರಂಗ ಮೂರು ಕಿಲೋಮೀಟರಿಗಿಂತ ಆಳಕ್ಕೆ ಹೋಯಿತು. ಅಷ್ಟು ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತದೆ. ಗಾಳಿ ತಣಿಸುವ ದೊಡ್ಡ ಯಂತ್ರಗಳನ್ನು ಹಾಕಿದರೂ ಕೆಳಗೆ ಆಳುಗಳು ಕುಸಿದು ಬೀಳುತ್ತಿದ್ದರು. ಕೋಲಾರದ ಗಣಿಯಲ್ಲಿ ಹೀಗೆ ಕುಸಿದವರ ಪ್ರಕರಣಗಳನ್ನು ಪರಿಶೀಲಿಸಿ ಎ. ಕ್ಯಾಪ್ಲಾನ್ ಎಂಬವರು 1940ರ ದಶಕದಲ್ಲಿ ಬರೆದ ಪ್ರಬಂಧವನ್ನು ಶಾಖದ ಕಾಯಿಲೆಗಳ ಬಗ್ಗೆ ಬರೆಯುವವರು ಇಂದಿಗೂ ಉಲ್ಲೇಖಿಸುತ್ತಾರೆ. ಕೋಲಾರದ ಚಿನ್ನದ ಲೆಕ್ಕ ಎಲ್ಲರಿಗೂ ಬಾಯಿಪಾಠ. ಅಲ್ಲಿ ಸುರಿದ ಬೆವರಿನಿಂದಲೂ ಪ್ರಪಂಚದ ವೈದ್ಯಶಾಸ್ತ್ರ ಒಂದಿಷ್ಟು ಕಲಿಯಿತು ಎನ್ನುವುದು ಎಲ್ಲಿಯೂ ಕೇಳಿಬರುವುದಿಲ್ಲ.

ಬೆವರು ಒಂದು ಕಾಯಿಲೆಯನ್ನು ಎದೆ ತಟ್ಟಿ ಹೇಳುತ್ತದೆ. ಅದರ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ಸಿಸ್ಟಿಕ್ ಫೈಬ್ರೋಸಿಸ್ ಎಂಬುದು ಹುಟ್ಟಿನಿಂದ ಬರುವ ಕಾಯಿಲೆ. ಶ್ವಾಸಕೋಶದಲ್ಲಿ ಕಫ ಅಂಟಂಟಾಗಿ ಕಟ್ಟಿಕೊಳ್ಳುತ್ತದೆ, ಮತ್ತೆ ಮತ್ತೆ ನ್ಯುಮೋನಿಯಾ ಆಗುತ್ತದೆ, ಮೇದೋಜೀರಕ ಗ್ರಂಥಿ ಕೆಟ್ಟು ಮಗು ಎಷ್ಟು ತಿಂದರೂ ಮೈ ಹಿಡಿಯುವುದಿಲ್ಲ. ಡೊರೋಥಿ ಆಂಡರ್ಸನ್ ಎಂಬ ವೈದ್ಯೆ 1938ರಲ್ಲಿ ಇದನ್ನು ಬೇರೆಯೇ ಕಾಯಿಲೆ ಎಂದು ಗುರುತಿಸಿದರು. ಹತ್ತು ವರ್ಷದ ಮೇಲೆ, 1948ರ ಬೇಸಿಗೆಯಲ್ಲಿ ನ್ಯೂಯಾರ್ಕಿನಲ್ಲಿ ವಿಪರೀತ ಬಿಸಿಲು ಬಿತ್ತು. ಬಿಸಿಲಿಗೆ ಬಳಲಿ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಈ ಕಾಯಿಲೆಯವರೇ ಎದ್ದು ಕಂಡರು. ಶ್ವಾಸಕೋಶದ ಕಾಯಿಲೆಗೂ ಬಿಸಿಲಿಗೂ ಏನು ಸಂಬಂಧ? ಪಾಲ್ ಡಿ ಸಾಂಟ್ ಆಗ್ನೀಸ್ ಎಂಬ ವೈದ್ಯರು 1953ರಲ್ಲಿ ಉತ್ತರ ಕಂಡುಹಿಡಿದರು. ಈ ಮಕ್ಕಳ ಬೆವರಿನಲ್ಲಿ ಉಪ್ಪು ವಿಪರೀತವಾಗಿತ್ತು. ಯೂರೋಪಿನ ಹಳ್ಳಿಗಳಲ್ಲಿ, ಮುತ್ತಿಟ್ಟಾಗ ಹಣೆ ಉಪ್ಪೆನಿಸುವ ಕೂಸು ಬಾಳುವುದಿಲ್ಲ ಎಂಬ ಮಾತು ಹಿಂದಿನಿಂದಲೂ ಇತ್ತಂತೆ. ತಾಯಂದಿರಿಗೆ ಗೊತ್ತಿದ್ದದ್ದು ವೈದ್ಯರಿಗೆ ಗೊತ್ತಾಗಲು ಇಷ್ಟು ಕಾಲ ಹಿಡಿಯಿತು.

ಕೂಸಿನಿಂದ ಬೆವರು ತೆಗೆಯುವುದು ಹೇಗೆ? ಮೊದಲು ಕಂಬಳಿ ಸುತ್ತಿ ಬೆವರಿಸುತ್ತಿದ್ದರು, ಅದು ಅಪಾಯ. 1959ರಲ್ಲಿ ಗಿಬ್ಸನ್ ಮತ್ತು ಕುಕ್ ಒಂದು ಉಪಾಯ ಕಂಡುಕೊಂಡರು. ಬ್ರೆಜಿಲಿನ ಜಾಬೊರಾಂಡಿ ಎಂಬ ಗಿಡದಲ್ಲಿ ಪೈಲೋಕಾರ್ಪೀನ್ ಎಂಬ ಸತ್ವವಿದೆ, ಅದು ಬೆವರು ಗ್ರಂಥಿಯನ್ನು ಕೆಣಕುತ್ತದೆ. ಅದನ್ನು ಮುಂದೋಳಿನ ಚರ್ಮದ ಮೇಲಿಟ್ಟು ಅತಿ ಸಣ್ಣ ವಿದ್ಯುತ್ತಿನಿಂದ ಒಳಕ್ಕೆ ದೂಡಿದರೆ, ಅಲ್ಲಿ ಮಾತ್ರ ಬೆವರು ಒಸರುತ್ತದೆ. ಅದನ್ನು ಹೀರುಕಾಗದದಲ್ಲಿ ಹೀರಿಸಿ ಕ್ಲೋರೈಡ್ ಅಳೆಯುತ್ತಾರೆ. ಲೀಟರಿಗೆ 60 ಮಿಲಿಮೋಲ್ ಅಥವಾ ಹೆಚ್ಚಿದ್ದರೆ ಕಾಯಿಲೆ ಇದೆ ಎಂದೇ ಲೆಕ್ಕ, 30ಕ್ಕಿಂತ ಕಡಿಮೆಯಿದ್ದರೆ ಬಹುಮಟ್ಟಿಗೆ ಇಲ್ಲ. ಅರವತ್ತು ವರ್ಷ ದಾಟಿದರೂ, ವಂಶವಾಹಿ ಪರೀಕ್ಷೆಗಳು ಬಂದರೂ ಈ ಬೆವರಿನ ಪರೀಕ್ಷೆಯನ್ನು ಯಾರೂ ಕೈಬಿಟ್ಟಿಲ್ಲ.

ಕಾರಣ ಹುಡುಕಿದವರು ಪಾಲ್ ಕ್ವಿಂಟನ್. ಅವರಿಗೇ ಆ ಕಾಯಿಲೆ ಇತ್ತು. ಬೆವರಿನ ಕೊಳವೆಯ ಗೋಡೆ ಕ್ಲೋರೈಡನ್ನು ದಾಟಗೊಡುವುದಿಲ್ಲ, ಹಾಗಾಗಿ ಉಪ್ಪು ಹಿಂದಕ್ಕೆ ಹೋಗದೆ ಹೊರಗೆ ಬಂದುಬಿಡುತ್ತದೆ ಎಂದು ಅವರು 1983ರಲ್ಲಿ ತೋರಿಸಿದರು. ಅದೇ ಬಾಗಿಲು ಶ್ವಾಸಕೋಶದಲ್ಲೂ ಮುಚ್ಚಿದೆ, ಅದಕ್ಕೇ ಕಫ ಗಟ್ಟಿ. ಆ ಬಾಗಿಲಿನ ವಂಶವಾಹಿ 1989ರಲ್ಲಿ ಸಿಕ್ಕಿತು. 2019ರಲ್ಲಿ ಮೂರು ಔಷಧ ಸೇರಿದ ಹೊಸ ಮಾತ್ರೆ ಬಂತು. ಮಾತ್ರೆ ಕೆಲಸ ಮಾಡುತ್ತಿದೆಯೆ ಎನ್ನಲು ಮತ್ತೆ ಬೆವರಿನ ಉಪ್ಪನ್ನೇ ಅಳೆಯುತ್ತಾರೆ. ಅದರ ಬೆಲೆ ಮಾತ್ರ ನಮ್ಮ ದೇಶದ ಯಾವ ಮಧ್ಯಮ ವರ್ಗದ ಮನೆಯೂ ಮುಟ್ಟಲಾರದ್ದು.

ಇದು ಬಿಳಿಯರ ಕಾಯಿಲೆ, ನಮ್ಮಲ್ಲಿಲ್ಲ ಎಂದು ಬಹುಕಾಲ ನಂಬಿದ್ದೆವು. ಹುಡುಕದೆ ಇದ್ದದ್ದರಿಂದ ಸಿಕ್ಕಿರಲಿಲ್ಲ. ದೆಹಲಿಯ ಅಖಿಲ ಭಾರತ ವೈದ್ಯಕೀಯ ಸಂಸ್ಥೆಯಲ್ಲಿ ಡಾ. ಎಸ್.ಕೆ. ಕಾಬ್ರಾ ಮತ್ತು ಸಂಗಡಿಗರು, ವಿದೇಶದ ದುಬಾರಿ ಯಂತ್ರ ಕೊಳ್ಳಲಾಗದ ಆಸ್ಪತ್ರೆಗಳಿಗಾಗಿ, ಇಲ್ಲೇ ತಯಾರಿಸಿದ ಸಲಕರಣೆಯಿಂದ ಬೆವರು ಸಂಗ್ರಹಿಸಿ ಕ್ಲೋರೈಡ್ ಅಳೆಯುವ ವಿಧಾನವನ್ನು 2002ರಲ್ಲಿ ಪ್ರಕಟಿಸಿದರು. ನನಗೆ ಬೆವರಿನ ವಿಜ್ಞಾನದಲ್ಲಿ ಬಹಳ ಮೆಚ್ಚುಗೆಯಾದ ಭಾರತೀಯ ಕೆಲಸ ಇದು. ಥಳಕಿಲ್ಲ, ಆದರೆ ಮಗುವಿನ ಕಾಯಿಲೆಗೆ ಹೆಸರು ಸಿಗುತ್ತದೆ. ನಿಮ್ಮ ಮನೆಯ ಕೂಸಿಗೆ ಪದೇ ಪದೇ ಕಫ ಕಟ್ಟಿ, ತೂಕ ಏರದೆ, ಮುತ್ತಿಟ್ಟರೆ ನಾಲಿಗೆಗೆ ಉಪ್ಪು ಹತ್ತುತ್ತಿದ್ದರೆ, ಮಕ್ಕಳ ವೈದ್ಯರಲ್ಲಿ ಬೆವರಿನ ಪರೀಕ್ಷೆ ಬೇಕೆ ಎಂದು ಧೈರ್ಯವಾಗಿ ಕೇಳಿ.

ಇನ್ನು, ಯಂತ್ರವಿಲ್ಲದೆ ಬೆವರು ಓದುವ ವಿದ್ಯೆ. ಇದು ಹಳ್ಳಿಯಲ್ಲಿ ಜೀವ ಉಳಿಸುವಂಥದ್ದು.

ಭತ್ತ, ಬಾಳೆ, ಹತ್ತಿ ಬೆಳೆಯುವ ಕಡೆಗಳಲ್ಲಿ ಔಷಧಿ ಹೊಡೆಯುವ ಕೆಲಸ ಇದ್ದೇ ಇರುತ್ತದೆ. ನಾವು ಔಷಧಿ ಎನ್ನುತ್ತೇವೆ, ಅದು ವಿಷ. ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕ ಮೈಗೆ ಸೇರಿದರೆ ನರಗಳ ತುದಿಯಲ್ಲಿ ಅಸಿಟೈಲ್‌ಕೋಲೀನ್ ಎಂಬ ರಾಸಾಯನಿಕ ಕರಗದೆ ಉಳಿದುಬಿಡುತ್ತದೆ. ಬೆವರು ಗ್ರಂಥಿಗೆ ಅಪ್ಪಣೆ ಕೊಡುವುದು ಅದೇ ರಾಸಾಯನಿಕ. ಅಪ್ಪಣೆ ನಿಲ್ಲುವುದೇ ಇಲ್ಲ, ಬೆವರು ಸುರಿಯುತ್ತಲೇ ಇರುತ್ತದೆ. ಜೊತೆಗೆ ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ವಾಂತಿ, ಭೇದಿ, ಕಣ್ಣಪಾಪೆ ಸಾಸಿವೆ ಕಾಳಿನಷ್ಟು ಕುಗ್ಗುವುದು, ಮಾಂಸಖಂಡ ಅದುರುವುದು. ಬಿಸಿಲಲ್ಲಿ ಹೊಡೆಯುತ್ತಿದ್ದವನು ಹೀಗೆ ತೊಯ್ದು ಕುಳಿತರೆ ನೋಡಿದವರು ಬಿಸಿಲಿನ ಬಳಲಿಕೆ ಅಂದುಕೊಳ್ಳುತ್ತಾರೆ. ನೆರಳಲ್ಲಿ ಕೂರಿಸಿದ ಮೇಲೂ ಬೆವರು ನಿಲ್ಲದೆ ಜೊಲ್ಲು ಸುರಿದರೆ, ಅಂಗಿ ಬಿಚ್ಚಿಸಿ, ಸೋಪು ಹಾಕಿ ಮೈ ತೊಳೆಸಿ, ತೊಳೆಯುವವರೂ ತಮ್ಮ ಕೈಗೆ ವಿಷ ಸೋಕದಂತೆ ನೋಡಿಕೊಂಡು, ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಔಷಧಿಯ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ. ಅಲ್ಲಿ ಅಟ್ರೋಪಿನ್ ಚುಚ್ಚುತ್ತಾರೆ. ಎಷ್ಟು ಕೊಟ್ಟರೆ ಸಾಕು ಎಂದು ತಿಳಿಯಲು ವೈದ್ಯರು ನೋಡುವ ಗುರುತುಗಳಲ್ಲಿ ಒಂದು ಏನು ಗೊತ್ತೆ? ರೋಗಿಯ ಕಂಕುಳಿಗೆ ಕೈ ಹಾಕಿ ನೋಡುತ್ತಾರೆ. ಕಂಕುಳು ಒಣಗಿದ್ದರೆ, ಶ್ವಾಸಕೋಶದ ಗೊರಗೊರ ನಿಂತಿದ್ದರೆ, ಔಷಧ ಹತ್ತಿದೆ. ಇಷ್ಟು ಅಗ್ಗದ ಬೆವರು ಮಾಪನ ಇನ್ನೊಂದಿಲ್ಲ. ಒದ್ದೆ ಚರ್ಮ ವಿಷವನ್ನು ಬೇಗ ಹೀರುತ್ತದೆ ಎನ್ನುವುದನ್ನೂ ನೆನಪಿಡಿ. ಮಧ್ಯಾಹ್ನದ ಬಿಸಿಲಲ್ಲಿ, ಬರಿಮೈಯಲ್ಲಿ ಔಷಧಿ ಹೊಡೆಯುವುದು ಎರಡು ಪಟ್ಟು ತಪ್ಪು.

ಬೆವರು ಬಾರದಿರುವುದೂ ಸುದ್ದಿಯೇ. ಕುಷ್ಠರೋಗದ ಮಚ್ಚೆಯಲ್ಲಿ ಸ್ಪರ್ಶ ಹೋಗುವಂತೆ ಬೆವರೂ ಹೋಗುತ್ತದೆ. ಸಕ್ಕರೆ ಕಾಯಿಲೆ ಹಳತಾದವರಲ್ಲಿ ನರ ಸಾಯುತ್ತ ಬಂದು ಅಂಗಾಲು ಬೆವರುವುದು ನಿಲ್ಲುತ್ತದೆ. ಚರ್ಮ ಒಣಗಿ ಹಿಮ್ಮಡಿ ಸೀಳುತ್ತದೆ, ಸೀಳಿದ್ದರಿಂದ ಹುಣ್ಣು. ಇದನ್ನು ಪತ್ತೆ ಮಾಡಲು ಕೋಬಾಲ್ಟ್ ಲವಣ ಸವರಿದ ನೀಲಿ ಅಂಟುಪಟ್ಟಿಯಿದೆ. ಅಂಗಾಲಿಗೆ ಹತ್ತು ನಿಮಿಷ ಅಂಟಿಸಿದರೆ ಬೆವರು ತಾಗಿ ಗುಲಾಬಿ ಬಣ್ಣಕ್ಕೆ ತಿರುಗಬೇಕು. ನೀಲಿಯಾಗಿಯೇ ಉಳಿದರೆ ಆ ಕಾಲಿನ ಬಗ್ಗೆ ಎಚ್ಚರ. ಬ್ಯಾಟರಿ ಬೇಡ, ಮೊಬೈಲ್ ಬೇಡ, ಅಕ್ಷರ ಬಾರದವರೂ ಓದಬಹುದು. ಸಕ್ಕರೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಇದ್ದಕ್ಕಿದ್ದಂತೆ ತಣ್ಣಗೆ ಬೆವರಿ, ಕೈ ನಡುಗಿ, ತಬ್ಬಿಬ್ಬಾದರೆ ಸಕ್ಕರೆ ಇಳಿದಿರಬಹುದು. ಪ್ರಜ್ಞೆಯಿದ್ದರೆ ಬೆಲ್ಲವೋ ಸಕ್ಕರೆಯೋ ಬಾಯಿಗೆ ಕೊಡಿ. ಎದೆ ಬಿಗಿದು ತಣ್ಣನೆ ಬೆವರು ಬಂದರೆ ಮಾತ್ರ ಅದು ಹೃದಯದ ತೊಂದರೆ ಇರಬಹುದು, ಮನೆಮದ್ದು ಮಾಡುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ, ಗ್ಯಾಸ್ ಎಂದು ಯಾರು ಹೇಳಿದರೂ ಕೇಳಬೇಡಿ.

ಭಯಕ್ಕೂ ಅಂಗೈ ಬೆವರುತ್ತದೆ. ಬೆವರಿದ ಚರ್ಮದಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ ಎನ್ನುವುದನ್ನು ಫ್ರಾನ್ಸಿನಲ್ಲೂ ರಷ್ಯಾದಲ್ಲೂ ಹತ್ತೊಂಬತ್ತನೆಯ ಶತಮಾನದ ಕೊನೆಗೇ ಗಮನಿಸಿದ್ದರು. ಸುಳ್ಳು ಪತ್ತೆ ಯಂತ್ರ ಅಳೆಯುವ ಸಂಗತಿಗಳಲ್ಲಿ ಇದೂ ಒಂದು. ಆದರೆ ಪೊಲೀಸರನ್ನು ಕಂಡರೆ ಸುಳ್ಳನಿಗಿಂತ ಮೊದಲು ಬೆವರುವವನು ಅಮಾಯಕ. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2010ರ ಮೇ 5ರಂದು, ಒಪ್ಪಿಗೆಯಿಲ್ಲದೆ ಯಾರನ್ನೂ ಇಂಥ ಯಂತ್ರಕ್ಕೆ ಕಟ್ಟುವಂತಿಲ್ಲ ಎಂದು ತೀರ್ಪು ಕೊಟ್ಟಿತು. ನಮ್ಮ ರಾಜ್ಯದ ಹೆಸರು ಹೊತ್ತ ಈ ತೀರ್ಪು ಬೆವರಿನ ವಿಜ್ಞಾನದ ಮಿತಿಯನ್ನೂ ಹೇಳಿದಂತಾಯಿತು.

ಈಗ ಹೊಸ ಕಾಲದ ಪಟ್ಟಿಗಳಿಗೆ ಬರೋಣ. 2016ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಅಲಿ ಜಾವೆ, ವೇ ಗಾವೊ ಮತ್ತು ಸಂಗಡಿಗರು ಮಣಿಕಟ್ಟಿಗೂ ಹಣೆಗೂ ಕಟ್ಟುವ ಒಂದು ಪಟ್ಟಿಯನ್ನು ತೋರಿಸಿದರು. ಅದು ಬೆವರಿನ ಗ್ಲೂಕೋಸ್, ಲ್ಯಾಕ್ಟೇಟ್, ಸೋಡಿಯಂ, ಪೊಟ್ಯಾಸಿಯಂ ನಾಲ್ಕನ್ನೂ, ಚರ್ಮದ ಬಿಸಿಯನ್ನೂ ಒಟ್ಟಿಗೆ ಅಳೆದು ಮೊಬೈಲಿಗೆ ಕಳಿಸುತ್ತಿತ್ತು. ಅದೇ ವರ್ಷ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಜಾನ್ ರೋಜರ್ಸ್ ತಂಡ ರಬ್ಬರಿನಂತೆ ಬಾಗುವ ಅಂಟುಪಟ್ಟಿ ಮಾಡಿತು. ಅದರೊಳಗೆ ಕೂದಲೆಳೆಯಂಥ ನಾಲೆಗಳು. ಬೆವರು ಹರಿದಂತೆ ಬಣ್ಣ ಬದಲಾಗುತ್ತದೆ, ಮೊಬೈಲಿನಲ್ಲಿ ಫೋಟೊ ತೆಗೆದರೆ ಎಷ್ಟು ನೀರು, ಎಷ್ಟು ಉಪ್ಪು ಹೋಯಿತೆಂದು ಲೆಕ್ಕ ಬರುತ್ತದೆ. ಸ್ಯಾನ್ ಡಿಯೇಗೊದ ಜೋಸೆಫ್ ವಾಂಗ್ ತಂಡ 2021ರಲ್ಲಿ ಬೆರಳ ತುದಿಗೆ ಸುತ್ತುವ ಪಟ್ಟಿ ಮಾಡಿ, ಮಲಗಿದ್ದವರ ಬೆವರಿನ ಲ್ಯಾಕ್ಟೇಟಿನಿಂದಲೇ ಒಂದಿಷ್ಟು ವಿದ್ಯುತ್ತು ತೆಗೆದು ತೋರಿಸಿತು. ಬುದ್ಧಿವಂತಿಕೆಯ ಕೆಲಸಗಳು, ಸಂಶಯವಿಲ್ಲ.

ನೀರು ಮತ್ತು ಉಪ್ಪಿನ ಲೆಕ್ಕಕ್ಕೆ ಇವು ನಂಬಿಕೆಗೆ ಅರ್ಹ. ಕಳೆದದ್ದು ಬೆವರಿನ ಮೂಲಕವೇ ಅಲ್ಲವೆ, ಬೆವರಿಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ತೊಡಕಿರುವುದು ಸಕ್ಕರೆಯ ವಿಷಯದಲ್ಲಿ. ಬೆವರಿನಲ್ಲಿ ಇರುವ ಗ್ಲೂಕೋಸ್ ರಕ್ತದಲ್ಲಿರುವುದರ ಸುಮಾರು ನೂರರಲ್ಲಿ ಒಂದು ಪಾಲು. ಬೆವರು ಜೋರಾದರೆ ತಿಳಿಯಾಗುತ್ತದೆ, ಆರಿದರೆ ಗಟ್ಟಿಯಾಗುತ್ತದೆ. ಚರ್ಮದ ಮೇಲಿನ ಕೊಳೆ, ಬೆಳಿಗ್ಗೆ ಹಚ್ಚಿದ ಕ್ರೀಮು, ತಿಂಡಿ ತಿಂದ ಕೈ, ಎಲ್ಲವೂ ಲೆಕ್ಕ ಕೆಡಿಸುತ್ತವೆ. ಫ್ಯಾನಿನ ಕೆಳಗೆ ಕುಳಿತ ಅಜ್ಜಿಗೆ ಬೆವರೇ ಬಾರದಿದ್ದರೆ ಅಳೆಯುವುದೇನನ್ನು? ನಾಲೆಯ ಕೊನೆಯ ತೂಬಿನಲ್ಲಿ ಬರುವ ನೀರು ನೋಡಿ ಕಬಿನಿ ಜಲಾಶಯದಲ್ಲಿ ಎಷ್ಟು ಅಡಿ ನೀರಿದೆ ಎಂದು ಹೇಳಹೊರಟಂತೆ ಇದು. ಸಂಬಂಧ ಇದೆ, ಆದರೆ ನಡುವೆ ಯಾರು ಎಲ್ಲಿ ಎತ್ತಿಕೊಂಡರು, ಎಲ್ಲಿ ಸೋರಿತು ಎನ್ನುವುದು ಗೊತ್ತಾಗದೆ ಅಂಕಿ ಸಿಗದು. ಬೆವರಿನ ಪಟ್ಟಿ ಮಾಡಿದ ವಿಜ್ಞಾನಿಗಳೇ ಇದನ್ನು ಒಪ್ಪಿಕೊಂಡು ಬರೆದಿದ್ದಾರೆ. ಮಾರುವವರು ಆ ಪುಟಗಳನ್ನು ಓದುವುದಿಲ್ಲ.

ತೋಳಿಗೆ ಅಂಟಿಸಿಕೊಂಡು ಹದಿನೈದು ದಿನ ಸಕ್ಕರೆ ತೋರಿಸುವ ಬಿಲ್ಲೆ ಇದೆಯಲ್ಲ ಎಂದು ಕೇಳುವವರಿದ್ದೀರಿ. ಅದು ಬೆವರು ಅಳೆಯುವುದಿಲ್ಲ. ಅದರಲ್ಲಿ ಕೂದಲಂಥ ಎಳೆಯೊಂದು ಚರ್ಮದೊಳಗೆ ಚುಚ್ಚಿಕೊಂಡಿರುತ್ತದೆ, ಜೀವಕೋಶಗಳ ನಡುವಿನ ದ್ರವವನ್ನು ಅಳೆಯುತ್ತದೆ. ಚರ್ಮ ಚುಚ್ಚದೆಯೇ ರಕ್ತದ ಸಕ್ಕರೆ ಹೇಳುತ್ತೇವೆ ಎನ್ನುವ ಗಡಿಯಾರ, ಉಂಗುರಗಳನ್ನು ನಂಬಬೇಡಿ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2024ರ ಫೆಬ್ರವರಿಯಲ್ಲಿ ಬಹಿರಂಗವಾಗಿ ಎಚ್ಚರಿಸಿತು. ಅಂಥದ್ದನ್ನು ನೋಡಿಕೊಂಡು ಇನ್ಸುಲಿನ್ ಹಾಕಿಕೊಂಡರೆ ಪ್ರಾಣಕ್ಕೇ ಬರಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನವಕಾಂತ ಭಟ್ಟರ ತಂಡ ಸಕ್ಕರೆ ಕಾಯಿಲೆಯ ಹಲವು ಪರೀಕ್ಷೆಗಳನ್ನು ಕೈಯಲ್ಲಿ ಹಿಡಿಯುವ ಒಂದೇ ಯಂತ್ರದಲ್ಲಿ ತಂದಿತು. ಅವರು ಆರಿಸಿಕೊಂಡದ್ದು ಬೆವರನ್ನಲ್ಲ, ಒಂದು ಹನಿ ರಕ್ತ ಮತ್ತು ಮೂತ್ರವನ್ನು. ಅದು ವಿವೇಕದ ಆಯ್ಕೆ ಎಂದೇ ನನ್ನ ಎಣಿಕೆ.

"ಬೆವ್ರು ಹೋದಷ್ಟೂ ಒಳ್ಳೇದು ಬುಡಿ, ಇಸ ಎಲ್ಲ ಹೊಯ್ತದೆ" ಎನ್ನುವ ಮಾತನ್ನು ನಮ್ಮ ಕಡೆ ಕೇಳುತ್ತಲೇ ಇರುತ್ತೇವೆ. ಹಬೆಸ್ನಾನದ ಅಂಗಡಿಯವರು ಅದನ್ನೇ ದುಡ್ಡಿಗೆ ಹೇಳುತ್ತಾರೆ. ಮೈಯ ಕಸ ಹೊರಹಾಕುವ ಕೆಲಸ ಯಕೃತ್ತಿನದು, ಮೂತ್ರಪಿಂಡದ್ದು. ಬೆವರಿನಲ್ಲಿ ಹೋಗುವ ಕಸ ಲೆಕ್ಕಕ್ಕಿಲ್ಲ. ಅಷ್ಟೇ ಅಲ್ಲ, ಅತಿಯಾಗಿ ಬೆವರಿ ನೀರು 
ತುಂಬಿಕೊಳ್ಳದಿದ್ದರೆ ಕಸ ತೆಗೆಯುವ ಮೂತ್ರಪಿಂಡಕ್ಕೇ ಪೆಟ್ಟು. ಮಧ್ಯ ಅಮೆರಿಕದ ನಿಕರಾಗುವ, ಎಲ್ ಸಾಲ್ವಡಾರ್ ದೇಶಗಳಲ್ಲಿ ಕಬ್ಬು ಕಡಿಯುವ ಪ್ರಾಯದ ಆಳುಗಳು, ಬಿಪಿ ಸಕ್ಕರೆ ಯಾವುದೂ ಇಲ್ಲದವರು, ಮೂತ್ರಪಿಂಡ ಸೋತು ಸತ್ತರು. ಕಾರಣದ ಬಗ್ಗೆ ಚರ್ಚೆ ಮುಗಿದಿಲ್ಲ. ಸುಡುಬಿಸಿಲಲ್ಲಿ ದಿನವೂ ಬಸವಳಿದು ದುಡಿದದ್ದು ಮುಖ್ಯ ಆರೋಪಿ. ಅಲ್ಲಿನ ಕೆಲವು ಕಬ್ಬಿನ ತೋಟಗಳಲ್ಲಿ ನೀರು, ನೆರಳು, ಕಡ್ಡಾಯ ವಿರಾಮ ಈ ಮೂರನ್ನು ಕೊಟ್ಟ ಮೇಲೆ ಮೂತ್ರಪಿಂಡಕ್ಕೆ ಆಗುವ ಪೆಟ್ಟು ಇಳಿಯಿತು. ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಪ್ರದೇಶದಲ್ಲೂ ಕಾರಣ ತಿಳಿಯದ ಮೂತ್ರಪಿಂಡದ ಕಾಯಿಲೆ ರೈತರನ್ನು ಕಾಡುತ್ತಿದೆ. ಕಬ್ಬು ಬೆಳೆಯುವ ನಮ್ಮ ಸೀಮೆ ಇದನ್ನು ದೂರದ ಸುದ್ದಿ ಎಂದು ಬಿಡುವ ಹಾಗಿಲ್ಲ.

ಬೆವರಿನ ಪಟ್ಟಿಗಳನ್ನು ಮೊದಲು ಪರೀಕ್ಷಿಸಿದ್ದು ಸೈಕಲ್ ತುಳಿಯುವ, ಓಡುವ ಆಟಗಾರರ ಮೇಲೆ. ಮಾರಾಟವಾಗುತ್ತಿರುವುದೂ ಹೆಚ್ಚಾಗಿ ಅವರಿಗೇ. ಆಲೆಮನೆಯ ಕೊಪ್ಪರಿಗೆಯ ಮುಂದೆ ಉರಿಗೆ ಮುಖ ಕೊಟ್ಟು ನಿಲ್ಲುವವನಿಗೆ, ಇಟ್ಟಿಗೆ ಗೂಡಿನ ಮೇಲೆ ನಡೆಯುವವಳಿಗೆ ಅಂಥ ಪಟ್ಟಿ ಯಾರೂ ಕಟ್ಟಿಲ್ಲ. ಅವರು ಕಾಯಬೇಕಾಗಿಯೂ ಇಲ್ಲ. ಸಾಂಟೋರಿಯೊನ ತಕ್ಕಡಿ ಸಾಕು. ಬೆಳಿಗ್ಗೆ ಕೆಲಸಕ್ಕೆ ಮುಂಚೆ ತೂಕ ನೋಡಿ, ಕೆಲಸ ಬಿಟ್ಟ ಮೇಲೆ ಬೆವರು ಒರೆಸಿಕೊಂಡು ಮತ್ತೆ ನೋಡಿ. ಒಂದು ಕಿಲೊ ಇಳಿದಿದ್ದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಬಾಕಿ ಎಂದು ಅರ್ಥ. 60 ಕಿಲೊ ತೂಗುವವರು ಒಂದೂಕಾಲು ಕಿಲೊಗಿಂತ ಹೆಚ್ಚು ಇಳಿದರೆ ಆ ದಿನ ಕುಡಿದ ನೀರು ಸಾಲದು. ತಕ್ಕಡಿಯೂ ಇಲ್ಲವೆ? ಮೂತ್ರದ ಬಣ್ಣ ನೋಡಿ. ತಿಳಿ ಹಳದಿಯಿದ್ದರೆ ಸರಿ, ಕಡುಹಳದಿಯಾಗಿ ಉರಿಯುತ್ತಿದ್ದರೆ ನೀರು ಕಡಿಮೆ. ಬರೀ ನೀರನ್ನೇ ಕೊಡಗಟ್ಟಲೆ ಕುಡಿಯಬೇಡಿ. ಉಪ್ಪು ಹಾಕಿದ ನೀರುಮಜ್ಜಿಗೆ, ರಾಗಿ ಅಂಬಲಿ, ಊಟದ ಜೊತೆ ಉಪ್ಪಿನಕಾಯಿ, ಇವು ಇಂಗ್ಲೆಂಡಿನ ಗಣಿಯವರು 1923ರಲ್ಲಿ ಕಲಿತದ್ದನ್ನು ಅದಕ್ಕೂ ಮೊದಲಿನಿಂದ ಮಾಡುತ್ತಿದ್ದವು. ಬಿಪಿ ಇರುವವರು, ಹೃದಯದ ತೊಂದರೆಯವರು ಉಪ್ಪಿನ ಮಟ್ಟಿಗೆ ವೈದ್ಯರನ್ನು ಕೇಳಿಕೊಳ್ಳಲಿ.

ಹೆಣ್ಣಾಳುಗಳ ವಿಷಯ ಬೇರೆಯೇ ಇದೆ. ಗದ್ದೆ ಬಯಲಿನಲ್ಲಿ ಮರೆಗೆ ಹೋಗಲು ಜಾಗವಿಲ್ಲ ಎಂದು ಅವರು ಬೆಳಗಿನಿಂದ ನೀರನ್ನೇ ಕುಡಿಯುವುದಿಲ್ಲ. ಬಾಯಾರಿಕೆ ಕಟ್ಟಿಕೊಂಡು ನಾಟಿ ಹಾಕುತ್ತಾರೆ, ಸಂಜೆ ಉರಿಮೂತ್ರ ಎನ್ನುತ್ತಾರೆ. ಇದಕ್ಕೆ ಯಾವ ಪ್ರಯೋಗಾಲಯದ ಸಂವೇದಕವೂ ಪರಿಹಾರವಲ್ಲ. ನಾಲ್ಕು ತಟ್ಟಿ ಕಟ್ಟಿದ ಒಂದು ಮರೆ ಪರಿಹಾರ.

ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಸುವ ಪದ್ಧತಿಯಿದೆ. ಫ್ಯಾನಿನ ಕೆಳಗೆ ಕೂರುವವರಿಗೆ ಇದು ಸಾಧ್ಯವಾದರೆ ಬಯಲಲ್ಲಿ ಬಗ್ಗುವವರಿಗೂ ಆಗಬೇಕು. ಹದಿನಾರು ಸುತ್ತಮುತ್ತ, ನಂಜನಗೂಡು ನರಸೀಪುರದ ಕಡೆಗಳಲ್ಲಿ ಕಬ್ಬು ಕಡಿಸುವವರು, ಆಲೆಮನೆ ನಡೆಸುವವರು, ಇಟ್ಟಿಗೆ ಸುಡಿಸುವವರು ಈ ಮಾತು ಕೇಳುತ್ತಿದ್ದರೆ ಅವರಲ್ಲಿ ನನ್ನ ವಿನಂತಿ ಇಷ್ಟೆ. ಈ ಬೇಸಿಗೆಯಲ್ಲಿ ಕೆಲಸವನ್ನು ಬೆಳಕು ಹರಿಯುತ್ತಲೇ ಶುರುಮಾಡಿಸಿ, ಹನ್ನೊಂದಕ್ಕೆ ನಿಲ್ಲಿಸಿ, ಬಿಸಿಲು ಇಳಿದ ಮೇಲೆ ಉಳಿದದ್ದನ್ನು ಮಾಡಿಸಿ. ನೀರಿನ ಕೊಡ ಆಳುಗಳ ಕೈಗೆ ಸಿಗುವ ಬದುವಿನಲ್ಲೇ ಇರಲಿ, ಹೊಸದಾಗಿ ಬಂದ ಆಳಿಗೆ ಮೊದಲ ವಾರ ಅರ್ಧ ಕೆಲಸ ಕೊಡಿ. ಕುಳಿತು ನೀರು ಕುಡಿದ ಹೊತ್ತಿಗೆ ಕೂಲಿ ಮುರಿಯಬೇಡಿ.